ಅಂಗಾರಜಾಲಮಾರ್ಜನೀ ಮೀಮಾಂಸೆ, ಅರ್ಥಾತ್ ಗ್ರಿಲ್ ಬ್ರಷ್ ತೊಳೆಯುವ ಶಾಸ್ತ್ರ (ಮಸ್ಕತ್ ಪಾಠ)

ಶಾಸ್ತ್ರ ಬರೆಯಲು ಕೂತವನು ಮೊದಲು ನಾಲ್ಕು ಮಾತು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ.

ವಿಷಯ ಗ್ರಿಲ್ ಬ್ರಷ್. ಕೆಂಡದ ಮೇಲಿಡುವ ಕಂಬಿಜಾಲರಿಗೆ ಹತ್ತಿದ ಕರಕಲನ್ನು ಕೆರೆದು ತೆಗೆಯುವ, ಉದ್ದ ಹಿಡಿಯ, ತಂತಿ ಹಲ್ಲಿನ ಸಾಧನ. ಪ್ರಯೋಜನ, ಗುರುವಾರ ರಾತ್ರಿ ಸುಟ್ಟಿದ್ದನ್ನು ತಿಂದವರು ಶುಕ್ರವಾರ ಬೆಳಿಗ್ಗೆ ನೆಟ್ಟಗಿರುವುದು. ಸಂಬಂಧ ಜಾಲರಿಗೂ ಬ್ರಷ್ಷಿಗೂ ಇರುವಂಥದ್ದು. ಈ ವಾರ ಜಾಲರಿಯ ಕೊಳೆ ಬ್ರಷ್ಷಿಗೆ ಹೋಗುತ್ತದೆ, ಮುಂದಿನ ವಾರ ಬ್ರಷ್ಷಿನ ಕೊಳೆ ಜಾಲರಿಗೆ ಬರುತ್ತದೆ. ಅಕ್ಕಪಕ್ಕದ ಮನೆಯವರು ಹಬ್ಬದ ಡಬ್ಬಿ ಹಿಂದಿರುಗಿಸುವ ಹಾಗೆ, ಯಾರೂ ಖಾಲಿ ಕೊಡುವುದಿಲ್ಲ.

ಇನ್ನು ಅಧಿಕಾರಿ. ಇಲ್ಲಿ ಸ್ವಲ್ಪ ವಿವರ ಬೇಕು. ಮಾಂಸ ತಿನ್ನುವವನು ಈ ಶಾಸ್ತ್ರಕ್ಕೆ ಅಧಿಕಾರಿಯಲ್ಲ. ಅವನಿಗೆ ಹಳೇ ಕರಕಲೇ ರುಚಿ. ನಮ್ಮ ಬಳಗದಲ್ಲಿ ಏಳು ಸಂಸಾರ, ಅದರಲ್ಲಿ ಆರು ಕುಂದಾಪುರದಿಂದ ಮಂಗಳೂರಿನವರೆಗಿನ ಕರಾವಳಿಯವು. "ಅದರಲ್ಲೇ ಇರುವುದು ಮಾರಾಯ್ರೆ ಟೇಸ್ಟು" ಎನ್ನುವವರು. ಏಳನೆಯವನು ನಾನು, ತಿಪಟೂರಿನ ಸಸ್ಯಾಹಾರಿ. ಅದೇ ಜಾಲರಿಯ ಒಂದು ಮೂಲೆಯಲ್ಲಿ ನನ್ನ ಪಾಲಿನ ಮುಸುಕಿನ ಜೋಳ, ಎರಡು ಬದನೆಕಾಯಿ, ನಾಲ್ಕು ತುಂಡು ಪನೀರ್ ಬೇಯಬೇಕು. ಹೋದ ವಾರದ ಬಂಗುಡೆ ಈ ವಾರದ ಬದನೆಕಾಯಿಗೆ ಹತ್ತಬಾರದೆಂದು ಒಂದು ದಿನ ನಾನೇ ಬಾಯಿಬಿಟ್ಟು "ಬ್ರಷ್ ಎಲ್ಲಿದೆ?" ಎಂದು ಕೇಳಿದೆ. ಕೇಳಿದವನ ಕೈಗೇ ಕೊಟ್ಟರು. ಅದಾಗಿ ಎಂಟು ಚಳಿಗಾಲ ಕಳೆದಿವೆ, ಬ್ರಷ್ ಇನ್ನೂ ವಾಪಸ್ ಹೋಗಿಲ್ಲ.

ಈಗ ಶಬ್ದನಿಷ್ಪತ್ತಿ. ಕೆರಿಬಿಯನ್ ದ್ವೀಪಗಳ ತೈನೋ ಜನ ಗೂಟಗಳ ಮೇಲೆ ಕಟ್ಟುತ್ತಿದ್ದ ಮರದ ಚೌಕಟ್ಟನ್ನು ಸ್ಪೇನಿನವರು ಬಾರ್ಬಕೋವ ಎಂದು ಬರೆದುಕೊಂಡರು, ಅದೇ ಬಾರ್ಬೆಕ್ಯೂ ಆಯಿತು ಎಂದು ಪಾಶ್ಚಾತ್ಯ ವಿದ್ವಾಂಸರ ಮತ. ಅದನ್ನು ಗೌರವಪೂರ್ವಕವಾಗಿ ಬದಿಗಿಡೋಣ. ನಮ್ಮ ಬಳಗದ ವಾಟ್ಸಾಪ್ ಗುಂಪಿನ ಶಾಸನಗಳನ್ನು ಪರಿಶೀಲಿಸಿದರೆ ಪದ ಅಚ್ಚಗನ್ನಡದ್ದೆಂದು ಖಚಿತವಾಗುತ್ತದೆ. "ಗುರುವಾರ ಸಂಜೆ ಏಳಕ್ಕೆ ಅಜೈಬಾದ ತಾರಸಿಗೆ ಬರಬೇಕು." ಬರಬೇಕು, ಬಾರ್ಬೇಕು, ಬಾರ್ಬೆಕ್ಯೂ. ಏಳಕ್ಕೆ ಈವರೆಗೆ ಒಬ್ಬರೂ ಬಂದಿಲ್ಲವಾದ್ದರಿಂದ ಈ ಧಾತುವಿಗೆ ವಿಧ್ಯರ್ಥ ಮಾತ್ರ ಇದೆ, ಭೂತಕಾಲದ ರೂಪವಿಲ್ಲ ಎಂದು ವೈಯಾಕರಣರು ಗಮನಿಸಬೇಕು. (ತಾರಸಿಯೇ ಏಕೆಂದರೆ, ಮಸ್ಕತ್ ನಗರಸಭೆ ಗುರುತು ಮಾಡಿದ ಜಾಗ ಬಿಟ್ಟು ಪಾರ್ಕು, ಬೀಚಿನಲ್ಲಿ ಕಂಡಕಂಡಲ್ಲಿ ಕೆಂಡ ಹಾಕುವಂತಿಲ್ಲ.) ಗುರುವಾರವೇ ಏಕೆ ಎಂಬುದಕ್ಕೂ ಇತಿಹಾಸವಿದೆ. 2013ರ ಮೇ ತಿಂಗಳಲ್ಲಿ ಒಮಾನಿನ ವಾರದ ರಜೆ ಗುರುವಾರ–ಶುಕ್ರವಾರದಿಂದ ಶುಕ್ರವಾರ–ಶನಿವಾರಕ್ಕೆ ಸರಿಯಿತು. ಅದಕ್ಕೂ ಮುಂಚಿನ ಬುಧವಾರದ ಕಾಲವನ್ನು ನೆನೆಸಿಕೊಂಡು ನಿಟ್ಟುಸಿರು ಬಿಡುವ ಇಬ್ಬರು ಹಿರಿಯರು ನಮ್ಮಲ್ಲಿದ್ದಾರೆ. ಅವರನ್ನು ಪ್ರಾಚೀನರು ಎಂದೂ ಉಳಿದವರನ್ನು ನವ್ಯರು ಎಂದೂ ವಿಂಗಡಿಸಬಹುದು.

ಆಧಾರಗ್ರಂಥಗಳತ್ತ ಬರೋಣ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ' ರಚಿಸಿದ. ಅರಸ ಉಣ್ಣಬೇಕಾದ್ದನ್ನೆಲ್ಲ ಅದರಲ್ಲಿ ವಿವರಿಸಿದ್ದಾನೆ, ಮಾಂಸವನ್ನು ಕಂಬಿಗೆ ಪೋಣಿಸಿ ಕೆಂಡದಲ್ಲಿ ಸುಡುವುದೂ ಸೇರಿ. ಆ ಕಂಬಿಯನ್ನು ಮರುದಿನ ಬೆಳಿಗ್ಗೆ ತಿಕ್ಕಿದವನ ಮೇಲೆ ಚಕ್ರವರ್ತಿಗೆ ಆಸಕ್ತಿ ಇದ್ದಂತಿಲ್ಲ. ಟಿಪ್ಪು ಸುಲ್ತಾನನಿಗೆ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯೇ ಇತ್ತು. ಅಕ್ಕಿ, ಗಂಧ, ಮೆಣಸು, ಏಲಕ್ಕಿ ಇಲ್ಲಿಗೆ ಬರುತ್ತಿದ್ದವು. ಅಲ್ಲಿನ ಅಧಿಕಾರಿಗೆ ಅವನು ಬರೆದ ಕಾಗದಗಳನ್ನು ಕರ್ಕ್‌ಪ್ಯಾಟ್ರಿಕ್ ಎಂಬಾತ ಇಂಗ್ಲಿಷಿಗೆ ತಿರುಗಿಸಿ 1811ರಲ್ಲಿ ಅಚ್ಚು ಹಾಕಿಸಿದ. ರೇಷ್ಮೆ ಹುಳ ಕಳಿಸು, ಅದನ್ನು ಸಾಕಬಲ್ಲವರನ್ನು ಕಳಿಸು, ಮುತ್ತಿಗಾಗಿ ಮುಳುಗುವವರನ್ನು ಕಳಿಸು ಎಂದು ಸುಲ್ತಾನ ಕೇಳುತ್ತಾನೆ. ಬ್ರಷ್ ಕೇಳುವುದಿಲ್ಲ. ಇದರಿಂದ ಶ್ರೀರಂಗಪಟ್ಟಣದಲ್ಲಿ ಜಾಲರಿ ಕೊಳೆಯಾಗುತ್ತಿರಲಿಲ್ಲವೆಂದು ಒಂದು ಪಕ್ಷ, ಕೊಳೆಯಾದದ್ದು ಸುಲ್ತಾನನವರೆಗೆ ತಲುಪುತ್ತಿರಲಿಲ್ಲವೆಂದು ಇನ್ನೊಂದು ಪಕ್ಷ. ನಾನು ಎರಡನೆಯದಕ್ಕೆ ಸೇರಿದವನು. ನಮ್ಮ ತಾರಸಿಯಲ್ಲೂ ತಲುಪುವುದಿಲ್ಲ.

ನಿಜವಾದ ಬೆಳಕು ಸಿಗುವುದು ಇಬ್ನ್ ಬತೂತನಿಂದ. 14ನೇ ಶತಮಾನದ ಈ ಯಾತ್ರಿಕ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನೂ ಕಂಡವನು, ಒಮಾನಿನ ಧೋಫಾರ್, ಕಲ್ಹಾತ್‌ಗಳನ್ನೂ ಕಂಡವನು. ಧೋಫಾರಿನಲ್ಲಿ ವೀಳ್ಯದೆಲೆಯನ್ನೂ ತೆಂಗಿನಮರವನ್ನೂ ಕಂಡು ಬೆರಗಾಗಿ, ತೆಂಗಿನಕಾಯಿಯನ್ನು ಮನುಷ್ಯನ ತಲೆಗೂ ಅದರ ನಾರನ್ನು ಕೂದಲಿಗೂ ಹೋಲಿಸಿದ. (ಈ ಸಾಲನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ, ಅದರ ಫಲ ಮುಂದೆ ಬರುತ್ತದೆ.) ಕಲ್ಹಾತ್‌ನಲ್ಲಿ ಮೀನು ತಿಂದು, ಇಂಥ ಮೀನು ಬೇರೆಲ್ಲೂ ತಿಂದಿಲ್ಲವೆಂದ. ಅವರು ಅದನ್ನು ಮರದ ಎಲೆಗಳ ಮೇಲೆ ಸುಟ್ಟು, ಹಿಂದೂಸ್ತಾನದಿಂದ ಬಂದ ಅಕ್ಕಿಯ ಅನ್ನದ ಮೇಲೆ ಬಡಿಸುತ್ತಿದ್ದರಂತೆ. ಎಲೆಯ ಮೇಲೆ! ಮೀನು ಬೆಂದಿತು, ಎಲೆ ಸುಟ್ಟಿತು, ತಿಕ್ಕಲು ಏನೂ ಉಳಿಯಲಿಲ್ಲ. 2018ರಲ್ಲಿ ಯುನೆಸ್ಕೋ ಕಲ್ಹಾತ್‌ನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಾರಣ ಬೇರೆ ಕೊಟ್ಟಿದ್ದಾರೆ.

ಒಮಾನಿಗಳ ಅಡುಗೆಯನ್ನು ಈ ಕಣ್ಣಿನಿಂದ ನೋಡುತ್ತ ಹೋದರೆ ಒಂದು ಗುಟ್ಟು ಬಿಚ್ಚಿಕೊಳ್ಳುತ್ತದೆ. ಈದ್ ಹಬ್ಬದ ಶುವಾ ನೋಡಿ. ಮಸಾಲೆ ಮೆತ್ತಿದ ಮಾಂಸವನ್ನು ಬಾಳೆಲೆಯಲ್ಲಿ ಸುತ್ತಿ, ಹೆಣೆದ ಚೀಲದಲ್ಲಿ ಕಟ್ಟಿ, ನೆಲದೊಳಗಿನ ಕೆಂಡದ ಗುಂಡಿಗೆ ಇಳಿಸಿ ಮುಚ್ಚಿಬಿಡುತ್ತಾರೆ. ಒಂದೆರಡು ದಿನ ಅದು ಒಳಗೇ ಇರುತ್ತದೆ. ತೆಗೆದು ತಿಂದ ಮೇಲೆ ಗುಂಡಿಯನ್ನು ಯಾರೂ ತೊಳೆಯುವುದಿಲ್ಲ, ತೊಳೆಯಲು ಬರುವುದೂ ಇಲ್ಲ. ಸಲಾಲಾದ ಮದ್‌ಬಿಯಲ್ಲಿ ಕೆಂಡದ ಮೇಲೆ ಕಲ್ಲು ಜೋಡಿಸಿ ಆ ಕಲ್ಲಿನ ಮೇಲೆ ಮಾಂಸ ಬೇಯಿಸುತ್ತಾರೆ. ಜಿನುಗಿದ ಕೊಬ್ಬನ್ನು ಮುಂದಿನ ಬೆಂಕಿಯೇ ತಿಂದುಹಾಕುತ್ತದೆ. ರಸ್ತೆ ಬದಿಯ ಮಿಶ್ಕಾಕ್‌ಗೆ ಎಷ್ಟೋ ಕಡೆ ಜಾಲರಿಯೇ ಇಲ್ಲ, ಕಡ್ಡಿಯ ಎರಡು ತುದಿ ತಗಡಿನ ತೊಟ್ಟಿಯ ಅಂಚಿಗೆ ಒರಗಿರುತ್ತವೆ. (ಒಮಾನಿ ಸುಲ್ತಾನರು ಆಳಿದ ಝಾಂಜಿಬಾರಿನಲ್ಲೂ ಇದು ಮಿಶ್ಕಾಕಿ ಎಂಬ ಹೆಸರಲ್ಲಿ ಸಿಗುತ್ತದೆ. ಅಲ್ಲಿಯವರೆಗೆ ಕಡ್ಡಿ ಹೋಯಿತು, ಜಾಲರಿ ಹೋಗಲಿಲ್ಲ ನೋಡಿ.) ಎಲೆ, ಗುಂಡಿ, ಕಲ್ಲು, ಕಡ್ಡಿ. ನೂರಾರು ವರ್ಷದ ವಿವೇಕವೆಲ್ಲ ಯಾರೂ ಏನನ್ನೂ ತಿಕ್ಕಬೇಕಾಗದಂತೆ ನೋಡಿಕೊಂಡಿತ್ತು. ಅದರ ನಡುವೆ ಹೈಪರ್‌ಮಾರ್ಕೆಟ್ಟಿನಿಂದ ಜಾಲರಿ ಹೊತ್ತು ತಂದವರು ನಾವು. ಬ್ರಷ್ ಅದರ ಜೊತೆಗೇ ಬಂತು, ಮದುವೆ ದಿಬ್ಬಣದ ಜೊತೆ ಬರುವ ದೂರದ ನೆಂಟನಂತೆ.

ಇಲ್ಲಿಂದ ಶಾಸ್ತ್ರ ಗಹನವಾಗುತ್ತದೆ. ಜಾಲರಿಯನ್ನು ಬ್ರಷ್ಷಿನಿಂದ ತಿಕ್ಕಿದೆವು. ಬ್ರಷ್ಷನ್ನು ಯಾವುದರಿಂದ ತಿಕ್ಕಬೇಕು? ನಾನು ಹಳೆಯ ಟೂತ್‌ಬ್ರಷ್ಷಿನಿಂದ ತಿಕ್ಕಿದೆ. ಟೂತ್‌ಬ್ರಷ್ಷಿಗೆ ಜಿಡ್ಡು ಹತ್ತಿತು. ಅದನ್ನು ಪಾತ್ರೆ ತಿಕ್ಕುವ ಸ್ಕ್ರಬ್ಬರಿನಿಂದ ತಿಕ್ಕಿದೆ. ಸ್ಕ್ರಬ್ಬರ್ ಅಡುಗೆಮನೆಯದು, ಅದಕ್ಕೆ ಬಂಗುಡೆ ವಾಸನೆ ಬಂದದ್ದು ಮನೆಯಾಕೆಗೆ ತಿಳಿಯಿತು. ನೈಯಾಯಿಕರು ಇದನ್ನು ಅನವಸ್ಥಾ ದೋಷ ಎನ್ನುತ್ತಾರೆ, ಒಂದಕ್ಕೆ ಇನ್ನೊಂದು ಆಧಾರ ಬೇಕಾಗಿ ಎಲ್ಲೂ ನಿಲ್ಲದ ಸ್ಥಿತಿ. ನಮ್ಮ ಮನೆಯಲ್ಲಿ ಅದಕ್ಕೆ ಬಳಸಿದ ಪದ ಬೇರೆ, ಅದು ಪ್ರಕಟಣೆಗೆ ಯೋಗ್ಯವಲ್ಲ.

ಅನವಸ್ಥೆ ಬೆಂಕಿಯಲ್ಲಿ ನಿಲ್ಲುತ್ತದೆ ಎಂಬುದು ಪೂರ್ವಪಕ್ಷ. ಜಾಲರಿಯ ಮಟ್ಟಿಗೆ ಸರಿ. ಕೆಂಡ ಉರಿಯುತ್ತಿರುವಾಗಲೇ ಹತ್ತು ಹದಿನೈದು ನಿಮಿಷ ಬರಿದೆ ಕಾಯಿಸಿದರೆ ಜಿಡ್ಡು ಒಣಗಿ ಬೂದಿಯಾಗುತ್ತದೆ, ಬಿಸಿ ಇರುವಾಗಲೇ ಎಳೆದರೆ ಉದುರುತ್ತದೆ. ಆರಿದ ಮೇಲೆ ಹೋದಿರೋ, ಆ ಕೊಬ್ಬು ವಾರ್ನಿಷ್ ಹೊಡೆದಂತೆ ಗಟ್ಟಿಯಾಗಿ ಕೂತಿರುತ್ತದೆ. ಆದರೆ ಬ್ರಷ್ಷನ್ನು ಬೆಂಕಿಗೆ ಹಾಕುವಂತಿಲ್ಲ, ಹಿಡಿ ಮರದ್ದು. ಒಮ್ಮೆ ನವ್ಯಪಂಥದವರೊಬ್ಬರು ನೈಲಾನ್ ಹಲ್ಲಿನ ಬ್ರಷ್ ತಂದರು. ನೈಲಾನ್ ತನ್ನ ಜಾತಿಗೆ ತಕ್ಕಂತೆ 220ರಿಂದ 265 ಡಿಗ್ರಿಯೊಳಗೆ ಕರಗುತ್ತದೆ, ಕೆಂಡದ ಮೇಲಿನ ಕಂಬಿ ಅದನ್ನು ಸುಲಭವಾಗಿ ದಾಟುತ್ತದೆ. ಎರಡೇ ಸಲ ಎಳೆದರು. ಜಾಲರಿಯ ಮೇಲೆ ನೀಲಿ ಬಣ್ಣದ ಒತ್ತುಶ್ಯಾವಿಗೆ ಬಿತ್ತು.

ಆದ್ದರಿಂದ ಜಲವಿಧಿ. ಬಕೆಟ್ಟಿನಲ್ಲಿ ಕೈ ತಡೆಯುವಷ್ಟು ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮುಚ್ಚಳ. ಹಲ್ಲು ಮಾತ್ರ ಮುಳುಗಬೇಕು, ಹಿಡಿ ಮುಳುಗಬಾರದು. ಅರ್ಧ ಗಂಟೆ ಬಿಟ್ಟರೆ ನೀರಿನ ಮೇಲೆ ಬೂದುಬಣ್ಣದ ಕೆನೆ ಕಟ್ಟುತ್ತದೆ. ಆಮೇಲೆ ಹಳೇ ಫೋರ್ಕಿನಿಂದ ಹಲ್ಲಿನ ಸಂದಿಗಳನ್ನು ಬಾಚಬೇಕು. ಇದು ತೊಳೆಯುವುದಲ್ಲ, ಉತ್ಖನನ. ಮೇಲಿನ ಸ್ತರದಲ್ಲಿ ತಂದೂರಿ ಮಸಾಲೆಯ ಕೆಂಪು. ಅದರ ಕೆಳಗೆ ಅಂಟಂಟಾದ ಕಂದು, ಅನಾನಸ್ ಸುಟ್ಟ ವಾರದ್ದು. ಅದಕ್ಕೂ ಕೆಳಗೆ ಒಂದು ಮೀನಿನ ಹುರುಪೆ, ಇನ್ನೂ ಹೊಳೆಯುತ್ತಿತ್ತು. ಬುಡದಲ್ಲಿ, ತಂತಿಗಳು ಮರಕ್ಕೆ ನಾಟಿದ ಕಡೆ, ಜೋಳದ ರೇಷ್ಮೆಯ ಎರಡು ಎಳೆ. ಅದೊಂದೇ ನನ್ನದು. ಉಳಿದ ನಾಗರಿಕತೆಗಳನ್ನೆಲ್ಲ ನಾನು ಧರ್ಮಾರ್ಥ ಅಗೆಯುತ್ತಿದ್ದೆ.

ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿದರೆ ಚಮತ್ಕಾರವಾಗುತ್ತದೆ ಎಂದು ಊರೆಲ್ಲ ಹೇಳುತ್ತದೆ. ಬುಸ್ಸೆಂದು ನೊರೆ ಬರುವುದು ನಿಜ, ಮಕ್ಕಳು ಚಪ್ಪಾಳೆ ತಟ್ಟುವುದೂ ನಿಜ. ಹುಳಿಯೂ ಕ್ಷಾರವೂ ಪರಸ್ಪರ ಹೊಡೆದುಕೊಂಡು ಸತ್ತ ಮೇಲೆ ಬಕೆಟ್ಟಿನಲ್ಲಿ ಉಳಿಯುವುದು ಸೋಡಿಯಂ ಅಸಿಟೇಟಿನ ಉಪ್ಪುನೀರು. ಜಿಡ್ಡು ಕೂತಲ್ಲೇ ಕೂತಿರುತ್ತದೆ. ಬೇಕಾದರೆ ಒಂದೊಂದನ್ನೇ ಬೇರೆ ಬೇರೆ ಹೊತ್ತಿನಲ್ಲಿ ಹಾಕಿ. ಬ್ಲೀಚ್ ಮಾತ್ರ ಬೇಡ. ಅದು ಸ್ಟೀಲನ್ನು ತಿನ್ನುತ್ತದೆ, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬಿಟ್ಟು ತೊಳೆಯುವವನನ್ನೂ ತಿನ್ನುತ್ತದೆ. ಇದು ಅಣಕದ ಮಾತಲ್ಲ.

ತೊಳೆದದ್ದನ್ನು ಹಲ್ಲು ಕೆಳಗೆ ಮಾಡಿ ನೇತುಹಾಕಬೇಕು, ಇಲ್ಲದಿದ್ದರೆ ನೀರು ಹಿಡಿಯೊಳಗೆ ಇಳಿದು ಮರ ಊದಿಕೊಂಡು ತಂತಿಯ ಬೇರು ಸಡಿಲವಾಗುತ್ತದೆ. ಎಲ್ಲಿ ನೇತುಹಾಕುವುದು ಎಂಬುದೇ ಮಸ್ಕತ್ತಿನ ಪ್ರಶ್ನೆ. ಇಲ್ಲಿ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ತಾರಸಿಯೇ ಬಾರ್ಬೆಕ್ಯೂ, ನಾವೇ ಬಂಗುಡೆ. ಇದೇ ತೀರದ ಕುರಯ್ಯಾತ್‌ನಲ್ಲಿ 2018ರ ಜೂನ್ 26ರಂದು ಇಡೀ ಹಗಲೂ ರಾತ್ರಿ ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಆ ಐದು ತಿಂಗಳು ಬ್ರಷ್ ಬಾಲ್ಕನಿಯಲ್ಲಿ ಚಾತುರ್ಮಾಸ್ಯಕ್ಕೂ ಮೀರಿದ ವ್ರತ ಹಿಡಿದು ಕೂರುತ್ತದೆ. ಸಮುದ್ರದ ಹಸಿಗಾಳಿ ಉಪ್ಪನ್ನು ತಂದು ಅದರ ಮೇಲೆ ಸವರುತ್ತದೆ. ಸ್ಟೇನ್‌ಲೆಸ್ ಅಂದರೆ ಕಲೆಯಿಲ್ಲದ್ದು ಎಂದು ನಂಬಿದವರು ಕರಾವಳಿ ನೋಡಿಲ್ಲ. 304 ಎಂಬ ಜಾತಿಯ ಸ್ಟೀಲಿನಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಕ್ರೋಮಿಯಂ ಕಟ್ಟುವ ತೆಳು ಪೊರೆಯೇ ಅದರ ಕವಚ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಸೂಜಿಮೊನೆಯಷ್ಟು ಜಾಗದಲ್ಲಿ ತೂತು ಮಾಡಿ ಒಳಗೇ ಕೊರೆಯುತ್ತದೆ. ಹೊರಗೆ ಹೊಳಪು, ಒಳಗೆ ಪೊಳ್ಳು. ಮಾಲಿಬ್ಡಿನಂ ಬೆರೆತ 316 ತಡೆಯುತ್ತದೆ, ಆದರೆ ಒಂದೂವರೆ ರಿಯಾಲಿನ ಬ್ರಷ್ಷಿಗೆ ಅಂಥ ಕುಲೀನ ತಂತಿ ಯಾರು ಹಾಕುತ್ತಾರೆ? ಹೀಗೆ ಸಮುದ್ರ ಹತ್ತಿಸಿದ ಉಪ್ಪನ್ನು ತೊಳೆಯಲು ನಲ್ಲಿ ತಿರುಗಿಸಿದರೆ ಬರುವ ನೀರೂ ಸಮುದ್ರದ್ದೇ. 1976ರಲ್ಲಿ ಘುಬ್ರಾದ ಸ್ಥಾವರ ಶುರುವಾದಾಗಿನಿಂದ ಮಸ್ಕತ್ ಉಪ್ಪು ತೆಗೆದ ಕಡಲನ್ನೇ ಕುಡಿಯುತ್ತಿದೆ.

ತುಕ್ಕಿನಿಂದ ಬೇಸತ್ತು ಮೂರನೇ ವರ್ಷ ಹಿತ್ತಾಳೆಗೆ ಹೋದೆ. ಹಿತ್ತಾಳೆ ತಂತಿ ಮೆತ್ತಗೆ, ಪಿಂಗಾಣಿ ಲೇಪದ ಜಾಲರಿಯನ್ನು ಗೀರುವುದಿಲ್ಲ. ಅದರ ವಂಶಾವಳಿ ನನ್ನೊಳಗಿನ ಸಂಶೋಧಕನಿಗೆ ಬಹಳ ಹಿಡಿಸಿತು. ಸುಮೇರಿಯನ್ನರ ಬರಹಗಳಲ್ಲಿ ಬರುವ ತಾಮ್ರದ ನಾಡು ಮಗಾನ್ ಇದೇ ಒಮಾನ್ ಪರ್ಯಾಯದ್ವೀಪ. ಹಿತ್ತಾಳೆಗೆ ತಾಮ್ರದ ಜೊತೆ ಬೇಕಾದ ಸತುವನ್ನು ಬಟ್ಟಿ ಇಳಿಸಿ ತೆಗೆಯುವುದರಲ್ಲಿ ರಾಜಸ್ಥಾನದ ಝಾವರ್ ಮುಂದಿತ್ತು. ತಾಯಿ ಒಮಾನಿನವಳು, ತಂದೆ ಹಿಂದೂಸ್ತಾನದವನು. ತೊಳೆಯಲು ಏನು? ಅಜ್ಜಿ ಹೇಳಿಕೊಟ್ಟ ಹುಣಸೆಹಣ್ಣು. ಅದರ ಹುಳಿಗೆ ಹಿತ್ತಾಳೆಯ ಕಿಲುಬು ಬಿಡುತ್ತದೆ. ಹುಣಸೆಗೆ ಅರಬ್ಬಿಯಲ್ಲಿ ತಮ್ರ್ ಹಿಂದಿ, ಹಿಂದೂಸ್ತಾನದ ಖರ್ಜೂರ. ಮಿಶ್ಕಾಕ್ ಅದ್ದಿ ತಿನ್ನಲು ಒಮಾನಿಗಳು ಕೊಡುವುದೂ ಹುಣಸೆಯ ಗೊಜ್ಜನ್ನೇ. ಒಂದು ರಾತ್ರಿ ಕತ್ತಲಲ್ಲಿ ಎರಡು ಬಟ್ಟಲು ಅದಲುಬದಲಾದವು. ಬ್ರಷ್ ಖಾರದ ಗೊಜ್ಜಿನಲ್ಲಿ ಮಿಂದಿತು. ಇನ್ನೊಂದು ಬಟ್ಟಲಿನ ಗತಿ ಏನಾಯಿತೆಂದು ನಾನು ಕೇಳಲಿಲ್ಲ, ಯಾರೂ ದೂರಲೂ ಇಲ್ಲ. "ಇವತ್ತು ಹುಳಿ ಲಾಯ್ಕಿದೆ" ಎಂದರು ಒಬ್ಬರು.

ಇಷ್ಟೆಲ್ಲ ಶಾಸ್ತ್ರ ಕಟ್ಟಿದವನಿಗೆ ಪ್ರತ್ಯಕ್ಷ ಪ್ರಮಾಣ ಜೋಳದಲ್ಲಿ ಸಿಕ್ಕಿತು. ಹಿತ್ತಾಳೆ ಬ್ರಷ್ ಸವೆದು ಮತ್ತೆ ಸ್ಟೀಲಿಗೆ ಮರಳಿದ್ದ ಕಾಲ. ತೆನೆ ಕಚ್ಚಲು ಹೋದಾಗ ತುಟಿಗೆ ಏನೋ ಚುಚ್ಚಿತು. ಮೊಬೈಲಿನ ಬೆಳಕು ಹಾಕಿ ನೋಡಿದರೆ ಎರಡು ಕಾಳಿನ ನಡುವೆ ನಿಂತ ಒಂದು ಬೆಳ್ಳಿ ಕೂದಲು. ಒಂದು ಅಂಗುಲವೂ ಇಲ್ಲ, ತುದಿ ಸ್ವಲ್ಪ ಬಾಗಿತ್ತು. ಬಿಳಿ ತಟ್ಟೆಯ ಮೇಲಿಟ್ಟರೆ ಕಾಣುತ್ತಿತ್ತು, ಜೋಳದ ಮೇಲೆ ಕಾಣುತ್ತಿರಲಿಲ್ಲ. ಇದು ನಮ್ಮ ತಾರಸಿಯ ಅಪೂರ್ವ ಶೋಧವೇನಲ್ಲ. ಅಮೆರಿಕದ ರೋಡ್ ಐಲೆಂಡ್‌ನ ಒಂದೇ ಆಸ್ಪತ್ರೆ ವ್ಯವಸ್ಥೆಯಲ್ಲಿ 2011ರ ಮಾರ್ಚಿನಿಂದ 2012ರ ಜೂನ್ ನಡುವೆ ಆರು ಮಂದಿ ಇಂಥ ತಂತಿ ನುಂಗಿ ಬಂದದ್ದನ್ನು ಅಲ್ಲಿನ ರೋಗನಿಯಂತ್ರಣ ಕೇಂದ್ರ ವರದಿ ಮಾಡಿತು, ಕೆಲವರಿಗೆ ಗಂಟಲಲ್ಲಿ, ಕೆಲವರಿಗೆ ಕರುಳಲ್ಲಿ. 2002ರಿಂದ 2014ರವರೆಗೆ ಆ ದೇಶದ ತುರ್ತು ಚಿಕಿತ್ಸಾ ಘಟಕಗಳಿಗೆ ಬಂದ ಇಂಥ ಗಾಯಗಳು ಸುಮಾರು 1,698 ಎಂದು ಮಿಸ್ಸೂರಿಯ ಸಂಶೋಧಕರು 2016ರಲ್ಲಿ ಅಂದಾಜು ಮಾಡಿದರು. ಸೋಮೇಶ್ವರನಿಂದ ಟಿಪ್ಪುವಿನವರೆಗೆ ಯಾರೂ ಬರೆಯದ ತಿಕ್ಕುವವನ ಚರಿತ್ರೆ ಕೊನೆಗೂ ದಾಖಲಾಯಿತು, ಎಕ್ಸ್‌ರೇಯಲ್ಲಿ.

ಬಳಗ ಗಾಬರಿಯಾಯಿತು. ಆಯಸ್ಕಾಂತ ಹಿಡಿದು ಜಾಲರಿ ಪರೀಕ್ಷಿಸೋಣ ಎಂದರೊಬ್ಬರು. ಒಳ್ಳೇ ಸ್ಟೇನ್‌ಲೆಸ್ಸಿಗೆ ಆಯಸ್ಕಾಂತ ಹತ್ತುವುದಿಲ್ಲ ಎಂದರು ಇನ್ನೊಬ್ಬರು. ತಣ್ಣಗೆ ಎಳೆದು ತೆಳ್ಳಗೆ ಮಾಡಿದ ತಂತಿಯಾದರೆ 304 ಕೂಡ ಅಷ್ಟಿಷ್ಟು ಹತ್ತುತ್ತದೆ, ಆದರೆ ಅದನ್ನು ನಂಬಿ ಜೋಳ ಕಚ್ಚಲಾಗದು ಎಂದು ನಾನು ತೀರ್ಪು ಕೊಟ್ಟೆ. ಯಾರ ತಪ್ಪು ಎಂಬ ವಿಚಾರಣೆ ನಡೆಯಲಿಲ್ಲ. ಬ್ರಷ್ ಯಾರ ಸುಪರ್ದಿಯಲ್ಲಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು.

ಪ್ರಾಯಶ್ಚಿತ್ತವೆಂದೋ ಸಮಾಧಾನಕ್ಕೆಂದೋ, ರಾಜ್ಯೋತ್ಸವದ ವಾರ, ಸೀಸನ್ನಿನ ಮೊದಲ ಕೂಟದಲ್ಲಿ ನನಗೆ ಸನ್ಮಾನ ಇಟ್ಟುಕೊಂಡರು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಶಾಲು ಹೊದಿಸಿ, ಮೈಸೂರು ಪೇಟ ಇಲ್ಲದ್ದರಿಂದ ಒಮಾನಿ ಕುಮ್ಮಾ ಟೋಪಿ ಇಟ್ಟು, ಹಳದಿ–ಕೆಂಪು ರಿಬ್ಬನ್ ಕಟ್ಟಿದ ಹೊಚ್ಚಹೊಸ ಬ್ರಷ್ ಕೊಟ್ಟರು. ಅದೂ ತಂತಿಯದ್ದೇ. ಫಲಪುಷ್ಪದ ಬಾಬ್ತಿನಲ್ಲಿ ಒಂದು ತೆಂಗಿನಕಾಯಿ, ಸಿಪ್ಪೆ ಸಮೇತ. ಖರೀಫ್ ಮಳೆ ನೋಡಲು ಸಲಾಲಾಕ್ಕೆ ಹೋದವರೊಬ್ಬರು ರಸ್ತೆ ಬದಿಯ ಅಂಗಡಿಯಿಂದ ತಂದು ಡಿಕ್ಕಿಯಲ್ಲಿ ಮರೆತದ್ದು, ಅಲ್ಲೇ ಒಣಗಿ ಕಂದಾಗಿತ್ತು. ಸಾವಿರ ಕಿಲೋಮೀಟರ್ ದಾಟಿ ಬಂದ ಆ ಕಾಯಿ ಕೈಗೆ ಬಂದಾಗ ಇಬ್ನ್ ಬತೂತ ನೆನಪಾದ. ಆಮೇಲೆ, ಬಹಳ ನಿಧಾನವಾಗಿ, ತಿಪಟೂರು ನೆನಪಾಯಿತು. ಮಟ್ಟೆಯ ರಾಶಿಗಳ ನಡುವೆ ಹುಟ್ಟಿ ಬೆಳೆದವನು ನಾನು. ನಮ್ಮ ಮನೆಯಲ್ಲಿ ಪಾತ್ರೆಯಿಂದ ಹಿಡಿದು ಎಮ್ಮೆಯವರೆಗೆ ಎಲ್ಲವನ್ನೂ ತಿಕ್ಕುತ್ತಿದ್ದುದು ಅದೇ ನಾರಿನಿಂದ.

ಭಾಷಣಗಳು ಇನ್ನೂ ನಡೆಯುತ್ತಿದ್ದವು. ಕಾರಿನ ಜಾಕಿ ರಾಡ್ ತಂದು ಕಾಯಿ ಸುಲಿದೆ. ಮಟ್ಟೆಯ ನಾಲ್ಕು ಸೀಳನ್ನು ನೀರಿನಲ್ಲಿ ನೆನೆಸಿ, ಒಂದರ ತುದಿಯನ್ನು ಕಲ್ಲಿನಲ್ಲಿ ಜಜ್ಜಿ ನಾರು ಬಿಡಿಸಿ, ಇಕ್ಕಳದಲ್ಲಿ ಹಿಡಿದು ಕಾದ ಜಾಲರಿಯ ಮೇಲೆ ಎಳೆದೆ. ಚೊಯ್ ಎಂದು ಹಬೆ ಎದ್ದು ಕರಕಲು ಸಡಿಲವಾಯಿತು. ಇನ್ನೆರಡು ಸಲ ಎಳೆದಾಗ ಕಂಬಿ ಕಂಡಿತು. ಕರಿಹಿಡಿದ ಮಟ್ಟೆಯನ್ನು ಬಕೆಟ್ಟಿಗೆ ಹಾಕಬೇಕೆಂದು ಅಭ್ಯಾಸಬಲದಿಂದ ಎದ್ದವನು, ಅರ್ಧ ದಾರಿಯಲ್ಲಿ ನಿಂತು, ತಿರುಗಿ ಬಂದು, ಅದನ್ನು ಕೆಂಡಕ್ಕೇ ಎಸೆದೆ.

ಮೊದಲು ಹೊಗೆಯಾಡಿತು, ಆಮೇಲೆ ಹತ್ತಿಕೊಂಡಿತು. ಅದರ ಮೇಲಿಟ್ಟ ಬದನೆಕಾಯಿಗೆ ನಮ್ಮೂರ ನೀರೊಲೆಯ ವಾಸನೆ ಬಂತು. "ಮುಂದಿನ ವಾರಕ್ಕೆ ಏನು ಮಾಡ್ತೀರಿ?" ಎಂದು ಕೇಳಿದರು. ಎಣಿಸಿ ನೋಡಿದೆ, ಮೂರು ಸೀಳು ಉಳಿದಿದ್ದವು.